ತೂಕದ ಯಂತ್ರದ ಮುಂದೆ ಬಾಣಂತಿಯ ವಿಚಾರಣೆ ಬೇಡ

ಶಿರಸಿ ಕಡೆ ಹೆರಿಗೆಯ ಸುದ್ದಿ ಬಂದರೆ ಮೊದಲ ಪ್ರಶ್ನೆ ಗಂಡೋ ಹೆಣ್ಣೋ. ಎರಡನೆಯದು, "ಎಷ್ಟ್ ಕೆಜಿ ಇದ್ದು?" ಮೂರು ಕೆಜಿ ದಾಟಿದ್ದರೆ ಬಾಣಂತಿಗೆ ಶಹಬ್ಬಾಸ್. ಕಡಿಮೆ ಇದ್ದರೆ, "ಸರಿ ಉಂಡಿದ್ದಿಲ್ಲೆ ಕಾಣ್ತು." ಕಾರವಾರದ ಕಡೆ ಹೋದರೆ ಇದೇ ಮಾತು ಕೊಂಕಣಿಯಲ್ಲಿ ಬರುತ್ತದೆ, ಅಷ್ಟೇ.

ಈಚೆಗೆ ನನ್ನ ಅಕ್ಕನ ಮಗಳಿಗೆ 2.4 ಕೆಜಿಯ ಮಗು ಹುಟ್ಟಿತು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಮಾವ ತೀರ್ಪು ಕೊಟ್ಟೇಬಿಟ್ಟರು: "ಗ್ರೋಥ್ ಹಾರ್ಮೋನ್ ಕಡಿಮೆ ಇರಬೇಕು." ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಾವ, ಹೊಟ್ಟೆಯೊಳಗಿನ ಮಗುವನ್ನು ಬೆಳೆಸುವುದರಲ್ಲಿ ಗ್ರೋಥ್ ಹಾರ್ಮೋನಿನ ಪಾತ್ರ ತೀರಾ ಸಣ್ಣದು. ಮಗುವಿನ ರಕ್ತದಲ್ಲಿ ಅದು ಬೇಕಾದಷ್ಟು ಇರುತ್ತದೆ. ಆದರೆ ಅದರ ಮಾತು ಕೇಳಿಸಿಕೊಳ್ಳುವ ವ್ಯವಸ್ಥೆಯೇ ಆಗ ಇನ್ನೂ ಬಲಿತಿರುವುದಿಲ್ಲ. ಈ ಹಾರ್ಮೋನ್ ಕೊರತೆ ಇಟ್ಟುಕೊಂಡೇ ಹುಟ್ಟುವ ಮಕ್ಕಳೂ ಹೆಚ್ಚುಕಡಿಮೆ ಎಲ್ಲರಷ್ಟೇ ಇರುತ್ತವೆ. ಬೆಳವಣಿಗೆ ಹಿಂದೆ ಬೀಳುವುದು ಹುಟ್ಟಿ ಕೆಲವು ತಿಂಗಳಾದ ಮೇಲೆ.

ಗರ್ಭದಲ್ಲಿ ನಿಜವಾದ ಕೆಲಸ ಐಜಿಎಫ್-1, ಐಜಿಎಫ್-2 (ಇನ್ಸುಲಿನ್ ಹೋಲುವ, ಬೆಳವಣಿಗೆ ಮಾಡಿಸುವ ಎರಡು ಪ್ರೋಟೀನುಗಳು) ಮತ್ತು ಮಗುವಿನದೇ ಇನ್ಸುಲಿನ್‌ನದು. 1996ರಲ್ಲಿ ವೈದ್ಯರು 15 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಅವನ ಐಜಿಎಫ್-1 ಜೀನ್‌ನಲ್ಲೇ ಒಂದು ತುಂಡು ಇರಲಿಲ್ಲ. ಗ್ರೋಥ್ ಹಾರ್ಮೋನ್ ಮಾತ್ರ ಜಾಸ್ತಿಯೇ ಇತ್ತು. ತಿಂಗಳು ತುಂಬಿ ಹುಟ್ಟಿದರೂ ತೂಕ 1.4 ಕೆಜಿ!

ಐಜಿಎಫ್-2ರ ಕಥೆ ಇನ್ನೂ ಮಜಾ. 1990ರ ಸುಮಾರಿಗೆ ಇಲಿಗಳಲ್ಲಿ ಈ ಜೀನ್ ಕೆಡಿಸಿ ನೋಡಿದರು. ಮರಿಗಳು ಮಾಮೂಲಿ ತೂಕದ ಶೇ. 60ರಷ್ಟು ಮಾತ್ರ ಬೆಳೆದವು. ಅದೂ ಅಪ್ಪನಿಂದ ಬಂದ ಪ್ರತಿ ಕೆಟ್ಟಿದ್ದರೆ ಮಾತ್ರ. ಅಮ್ಮನಿಂದ ಬಂದ ಪ್ರತಿ ಮೊದಲಿಂದಲೂ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಮನುಷ್ಯರಲ್ಲೂ ಹೆಚ್ಚಿನ ಅಂಗಗಳಲ್ಲಿ ಹೀಗೇ. ಹಾಗಾಗಿ ವಿಚಾರಣೆ ಮಾಡಲೇಬೇಕು ಅಂದರೆ ಅಳಿಯಂದಿರನ್ನೂ ಕೂರಿಸಿ. ಹೊರಗಡೆ ಜಗುಲಿಯಲ್ಲಿ ಪೇಪರ್ ಓದುತ್ತಾ ಕೂತಿರುತ್ತಾರಲ್ಲ!

ಅಮ್ಮನ ಮೈಕಟ್ಟಿಗೂ ಪಾಲಿದೆ. 1938ರಲ್ಲಿ ಇಂಗ್ಲೆಂಡಿನಲ್ಲಿ ದೈತ್ಯ ಶೈರ್ ಕುದುರೆಗೂ ಕುಳ್ಳ ಶೆಟ್‌ಲ್ಯಾಂಡ್ ಕುದುರೆಗೂ ಅಡ್ಡ ತಳಿ ಮಾಡಿದರು. ತಾಯಿ ಕುಳ್ಳಿಯಾದರೆ ಮರಿಯೂ ಸಣ್ಣದೇ, ಅಪ್ಪ ಎಷ್ಟೇ ದೊಡ್ಡವನಿರಲಿ. ಗರ್ಭದಲ್ಲಿ ಜಾಗ, ಆಹಾರ ಎಷ್ಟೋ ಬೆಳವಣಿಗೆಯೂ ಅಷ್ಟೇ. ನಮ್ಮ ಹುಡುಗಿ ಐದಡಿ ದಾಟಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ಅವಳ ಊಟದ ಲೆಕ್ಕವೇ ಬೇಕು.

ಇನ್ನು ದೊಡ್ಡ ಮಗುವಿನ ಹೆಮ್ಮೆ. ಅಮ್ಮನ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಸಕ್ಕರೆ ಜಾಸ್ತಿ ಬಂದರೆ ಮಗು ತಾನೇ ಇನ್ಸುಲಿನ್ ಸುರಿಸುತ್ತದೆ, ಕೊಬ್ಬು ಕೂಡಿಸಿಕೊಂಡು ದಪ್ಪವಾಗುತ್ತದೆ. ಡೆನ್ಮಾರ್ಕಿನ ವೈದ್ಯ ಪೆಡರ್ಸನ್ 1950ರ ದಶಕದಲ್ಲೇ ಇದನ್ನು ವಿವರಿಸಿದ್ದರು. ನಾಲ್ಕು ಕೆಜಿ ಮಗು ಅಂತ ಪೇಡೆ ಹಂಚುವ ಮೊದಲು ಗರ್ಭಿಣಿಯಿದ್ದಾಗ ಶುಗರ್ ಟೆಸ್ಟ್ ಆಗಿತ್ತಾ ಅಂತ ನೋಡಿ. "ಇಬ್ಬರ ಊಟ ಉಣ್ಣು" ಅಂತ ಬಡಿಸುವ ಅತ್ತೆಯರಿಗೂ ಇದು ಗೊತ್ತಿರಬೇಕು.

ಸಣ್ಣ ಮಗು ಅಂದರೆ ಕೊಬ್ಬಿಲ್ಲದ ಮಗು ಅಂತಲೂ ಅಲ್ಲ. ಪುಣೆಯ ಡಾ. ಯಾಜ್ಞಿಕ್ ತಂಡ ಅಲ್ಲಿನ ಹಳ್ಳಿಗಳ ಮಕ್ಕಳನ್ನು ಇಂಗ್ಲೆಂಡಿನ ಮಕ್ಕಳ ಜೊತೆ ಹೋಲಿಸಿತು. ಸರಾಸರಿ ತೂಕ ಇಲ್ಲಿ 2.7 ಕೆಜಿ, ಅಲ್ಲಿ 3.5. ನಮ್ಮವರಲ್ಲಿ ಕಡಿಮೆಯಿದ್ದದ್ದು ಮುಖ್ಯವಾಗಿ ಮಾಂಸಖಂಡ. ಚರ್ಮದ ಕೆಳಗಿನ ಕೊಬ್ಬು ಅಷ್ಟೇನೂ ಕಡಿಮೆಯಿರಲಿಲ್ಲ.

ಹಾಗಂತ 2.5ಕ್ಕಿಂತ ಕಡಿಮೆ ತೂಕವನ್ನು ಸುಮ್ನೆ ಬಿಡಿ ಅಂತ ಹೇಳುತ್ತಿಲ್ಲ. ಎಷ್ಟನೇ ವಾರಕ್ಕೆ ಹುಟ್ಟಿತು, ಬಿಪಿ ಇತ್ತಾ, ರಕ್ತ ಕಡಿಮೆ ಇತ್ತಾ, ಗ್ರೋಥ್ ಸ್ಕ್ಯಾನಿನಲ್ಲಿ ಏನು ಬಂತು, ಇವನ್ನು ಡಾಕ್ಟರು ತಾಯಿ ಕಾರ್ಡ್ ನೋಡಿ ಹೇಳುತ್ತಾರೆ. ನಮ್ಮ ಹುಡುಗಿಯದು 37ನೇ ವಾರ. ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ.

ಮನೆಯವರು ಮಾಡಬಹುದಾದದ್ದು ಒಂದಿದೆ. ಅದರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಬಾಯಿ ತುಂಬಿರುತ್ತದಲ್ಲ! ಹೊಗೆಸೊಪ್ಪು ಹಾಕಿದ ಕವಳ (ಎಲೆಯಡಿಕೆ) ಮಗುವಿನ ತೂಕ ಇಳಿಸುತ್ತದೆ. ಗರ್ಭಿಣಿಯ ಮುಂದೆ ಕವಳದ ಬಟ್ಟಲು ಸರಿಸಬೇಡಿ, ಅವಳೇ ಕೇಳಿದರೂ.