ಬೀರುವಿನ ಬೀಗದ ಕೈ ಬೀರುವಿನೊಳಗೇ

ಹಳೇ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಕರ್ನೆಲ್ಲನ್ನು, ಅಂದರೆ ಆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು, ನಾನೇ ಕಂಪೈಲ್ ಮಾಡುವ ಹುಚ್ಚು ಒಮ್ಮೆ ಹತ್ತಿತ್ತು. ಕರ್ನೆಲ್ಲಿಗೆ ಏನೇನು ಸೇರಬೇಕೆಂದು ಆರಿಸುವ ಮೆನುಕಾನ್ಫಿಗ್ ತೆರೆದರೆ ಸಾವಿರಾರು ಆಯ್ಕೆಗಳು. ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಮುಂದೆ ನಕ್ಷತ್ರ ಹಾಕಿದರೆ ಅದು ಕರ್ನೆಲ್‌ನಲ್ಲೇ ಬೆರೆತುಹೋಗುತ್ತದೆ. 'ಎಂ' ಹಾಕಿದರೆ ಮಾಡ್ಯೂಲ್ ಆಗಿ ಡಿಸ್ಕಿನಲ್ಲಿ ಬೇರೆ ಫೈಲಾಗಿ ಕೂರುತ್ತದೆ, ಬೇಕಾದಾಗ ಲೋಡ್ ಆಗುತ್ತದೆ.

ಕರ್ನೆಲ್ ಹಗುರವಾಗಿರಲಿ ಅಂತ ಕಂಡಕಂಡದ್ದಕ್ಕೆಲ್ಲ 'ಎಂ' ಹಾಕಿದೆ. ಡಿಸ್ಕ್ ಜೋಡಿಸುವ ಸಾಟಾ, ಅದರ ಫೈಲುಗಳನ್ನು ಓದುವ ಇಎಕ್ಸ್‌ಟಿ4 ಯಾವುದನ್ನೂ ಬಿಡಲಿಲ್ಲ. ಇನಿಟ್‌ರ್ಯಾಮ್‌ಎಫ್‌ಎಸ್ ಸುಮ್ನೆ ದಂಡ ಅಂತ ಅದನ್ನೂ ಕೈಬಿಟ್ಟೆ. ರೀಬೂಟ್ ಮಾಡಿದರೆ ಕರ್ನೆಲ್ ಪ್ಯಾನಿಕ್, ಎಲ್ಲವೂ ಸ್ತಬ್ಧ! ರೂಟ್ ಮೌಂಟ್ ಆಗಲಿಲ್ಲ, ಅಂದರೆ ಸಿಸ್ಟಮ್ಮಿನ ಫೈಲುಗಳಿರುವ ಡಿಸ್ಕ್ ಕರ್ನೆಲ್ಲಿಗೆ ತೆರೆಯಲಿಲ್ಲ. ಆಗೋದಾದರೂ ಹೇಗೆ? ಡಿಸ್ಕ್ ಓದುವ ಡ್ರೈವರ್ ಇದ್ದದ್ದೇ ಆ ಡಿಸ್ಕಿನೊಳಗೆ. ಬೂಟಿನ ಹೊತ್ತಿಗೆ ಬೇಕಾದ ಮಾಡ್ಯೂಲ್‌ಗಳನ್ನು ಮೊದಲೇ ಮೆಮೊರಿಗೆ ತಂದುಕೊಡುವ ಪುಟ್ಟ ಗಂಟೇ ಇನಿಟ್‌ರ್ಯಾಮ್‌ಎಫ್‌ಎಸ್ ಅಂತ ಆವತ್ತು ಅರ್ಥವಾಯಿತು.

ಸಿಟ್ಟಿಗೆ ಮುಂದಿನ ಸಲ ಎಲ್ಲದಕ್ಕೂ ನಕ್ಷತ್ರ. ಬೂಟ್ ಆಯಿತು, ವೈಫೈ ಸತ್ತಿತು. ಲಾಗ್ ನೋಡಿದರೆ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಸಿಗಲಿಲ್ಲ, ಎರರ್ ಮೈನಸ್ 2, ಅಂದರೆ ಫೈಲ್ ಇಲ್ಲ. ಫೈಲಂತೂ ಡಿಸ್ಕಿನಲ್ಲೇ ಇತ್ತು. ಆದರೆ ಕರ್ನೆಲ್ ಜೊತೆಗೇ ಎದ್ದ ಡ್ರೈವರ್, ಡಿಸ್ಕ್ ಮೌಂಟ್ ಆಗುವ ಮೊದಲೇ ಫರ್ಮ್‌ವೇರ್ ಕೇಳಿ, ಸಿಗದೆ ಕೈಚೆಲ್ಲಿತ್ತು. ಅದನ್ನು ಮಾಡ್ಯೂಲ್ ಮಾಡಿದೆ. ನಿಧಾನಕ್ಕೆ ಎದ್ದು ಸರಿಯಾಗಿ ಕೆಲಸ ಮಾಡಿತು.

ಇದಕ್ಕೇ ನನಗೆ 'ಬಿಲ್ಟ್‌ಇನ್ ಆದರೆ ಫಾಸ್ಟ್' ಅನ್ನುವ ವಾದ ಕೇಳಿದರೆ ನಗು. ಲೋಡ್ ಆದ ಮೇಲೆ ಮಾಡ್ಯೂಲೂ ಕರ್ನೆಲ್ಲಿನ ಭಾಗವೇ. ಅಳೆದರೆ ಕೂದಲೆಳೆಯಷ್ಟು ವ್ಯತ್ಯಾಸ ಸಿಗಬಹುದು, ಅಷ್ಟೇ. 'ಮಾಡ್ಯೂಲ್ ಕೆಟ್ಟರೂ ಸಿಸ್ಟಮ್ ಬೀಳಲ್ಲ' ಅನ್ನೋದೂ ಸುಳ್ಳು. ಮೆಮೊರಿಯ ತಪ್ಪು ಜಾಗ ತೋರಿಸುವ ಪಾಯಿಂಟರ್ ಒಂದು ಸಾಕು, ಇಡೀ ಯಂತ್ರವನ್ನೇ ಮಲಗಿಸಲು.

ಕೇಳಬೇಕಾದ್ದು ಒಂದೇ: ಈ ಕರ್ನೆಲ್ ಯಾವ ಯಂತ್ರದ ಮೇಲೆ ಓಡುತ್ತೆ ಅಂತ ಕಂಪೈಲ್ ಮಾಡುವಾಗಲೇ ಗೊತ್ತಾ? ಉಬುಂಟು, ಫೆಡೋರಾದಂಥ ಲಿನಕ್ಸ್ ಹಂಚುವವರಿಗೆ ಗೊತ್ತಿರಲ್ಲ. ನಿಮ್ಮದು ಯಾವ ಕಂಪನಿಯ ವೈಫೈ ಚಿಪ್, ನಾಳೆ ಯಾವ ಯುಎಸ್‌ಬಿ ಚುಚ್ಚುತ್ತೀರಿ, ಅವರೇನು ಕಂಡಿದ್ದಾರೆ? ಹಾಗಾಗಿ ಸಾವಿರಾರು ಮಾಡ್ಯೂಲ್ ಕೊಡುತ್ತಾರೆ. ಸಾಧನ ತನ್ನ ಐಡಿ ಹೇಳುತ್ತದೆ, ಸಾಧನಗಳನ್ನು ಗಮನಿಸುವ ಯುಡೆವ್ ಅನ್ನುವ ಪ್ರೋಗ್ರಾಂ ಅದಕ್ಕೆ ಹೊಂದುವುದನ್ನು ಹುಡುಕಿ ಲೋಡ್ ಮಾಡುತ್ತದೆ. ಆಂಡ್ರಾಯ್ಡ್ ಕೂಡ ಇದೇ ದಾರಿ ಹಿಡಿದಿದೆ. ಆಂಡ್ರಾಯ್ಡ್ 12ರಿಂದ, 5.10 ಅಥವಾ ಅದಕ್ಕಿಂತ ಹೊಸ ಕರ್ನೆಲ್ ಇರುವ ಹೊಸ ಫೋನುಗಳಲ್ಲಿ ಗೂಗಲ್‌ನ ಒಂದೇ ಕರ್ನೆಲ್ ಇರಬೇಕು. ಫೋನ್ ತಯಾರಕರ ಡ್ರೈವರ್‌ಗಳು ಅದರ ಹೊರಗೆ, ಮಾಡ್ಯೂಲ್ ಆಗಿ.

ಆದರೆ ನೀರಿನ ಮೋಟರ್ ಆನ್ ಮಾಡುವ ಪುಟ್ಟ ಬೋರ್ಡಿಗೆ ಇದೆಲ್ಲ ಯಾಕೆ? ಅದಕ್ಕೆ ಹೊಸ ಹಾರ್ಡ್‌ವೇರ್ ಬರೋದೇ ಇಲ್ಲ. ಬೇಕಾದ ನಾಲ್ಕು ಡ್ರೈವರ್ ಒಳಗೆ ಹಾಕಿ, ಮಾಡ್ಯೂಲ್ ಸೌಲಭ್ಯವನ್ನೇ ಆಫ್ ಮಾಡಿ. ಹೊರಗಿನವರು ಕಳ್ಳ ಮಾಡ್ಯೂಲ್ ತುರುಕುವ ದಾರಿಯೂ ಮುಚ್ಚುತ್ತದೆ. ಆ ಬೋರ್ಡಿಗೆ ಡ್ರೈವರ್ ಬರೆಯುವವರೆಗೆ ಮಾತ್ರ ಮಾಡ್ಯೂಲ್ ಇಟ್ಟುಕೊಳ್ಳಿ. ಹಳೇ ಮಾಡ್ಯೂಲ್ ತೆಗೆಯುವ ಆರ್‌ಎಂಮಾಡ್, ಹೊಸದನ್ನು ಹಾಕುವ ಇನ್ಸ್‌ಮಾಡ್ ಆಜ್ಞೆ ಹೊಡೆದರೆ ಹೊಸ ಕೋಡ್ ರೆಡಿ. ಪ್ರತಿ ಸಲ ರೀಬೂಟ್ ಮಾಡುತ್ತಾ ಕೂತರೆ ಸಂಜೆಯಾದರೂ ಕೆಲಸ ಮುಗಿಯಲ್ಲ.

ಆ ಹಳೇ ಲ್ಯಾಪ್‌ಟಾಪ್ ಈಗಲೂ ಓಡುತ್ತಿದೆ. ಡಿಸ್ಕಿಗೆ ನಕ್ಷತ್ರ, ವೈಫೈಗೆ 'ಎಂ'. ಇನಿಟ್‌ರ್ಯಾಮ್‌ಎಫ್‌ಎಸ್ ಮಾತ್ರ ಇವತ್ತಿಗೂ ಹಾಕಿಲ್ಲ, ಹಟ ಅಂತಲೇ ಇಟ್ಟುಕೊಳ್ಳಿ.