ಕಚ್ಚುವವರೆಗೆ ನಮ್ಮ ನಾಯಿ

ಸೆಪ್ಟೆಂಬರ್ 28 ಹತ್ತಿರ ಬಂತು ಅಂದರೆ ಪಶು ಆಸ್ಪತ್ರೆ ಗೇಟಿಗೆ ಫ್ಲೆಕ್ಸ್ ಬಿತ್ತು ಅಂತಲೇ ಲೆಕ್ಕ. ವಿಶ್ವ ರೇಬೀಸ್ ದಿನ, ನಾಯಿಗಳಿಗೆ ಉಚಿತ ಲಸಿಕೆ. ಶಾಸಕರು ಕೈ ಮುಗಿದಿರುತ್ತಾರೆ, ಪಕ್ಕದಲ್ಲಿ ಯುವ ಮುಖಂಡರು, ಕೆಳಗೆ ಶುಭ ಕೋರುವವರ ಸಾಲು. ಮೂಲೆಯಲ್ಲಿ ಅಂಗೈಯಷ್ಟು ನಾಯಿ. ರೇಬೀಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಆ ಪುಣ್ಯಾತ್ಮನ ಫೋಟೋಗೆ ಜಾಗ ಸಾಲಲ್ಲ ಬಿಡಿ.

ಆವತ್ತಿನ ಕ್ಯೂ ನೋಡಬೇಕು. ಎಸಿ ಕಾರಿನಿಂದ ಹಸ್ಕಿ ಇಳಿಯುತ್ತದೆ. ಹಿಮದಲ್ಲಿ ಗಾಡಿ ಎಳೆಯಬೇಕಾದ ಜೀವ, ಇಲ್ಲಿ ನಾಲಿಗೆ ಚಾಚಿಕೊಂಡು ಟೋಕನ್ ಕಾಯುತ್ತದೆ. ಅದರ ‘ಪಪ್ಪ’ ಕೇಳುತ್ತಾರೆ: "ಡಾಕ್ಟ್ರೇ, ಪೂರ್ತಿ ಫ್ರೀನೇ ಅಲ್ವಾ? ಕಾರ್ಡಿಗೂ ದುಡ್ಡಿಲ್ಲ ತಾನೇ?" ಅದೇ ಹಸ್ಕಿಯ ಬರ್ತ್‌ಡೇಗೆ ಮೂಳೆ ಆಕಾರದ ಕೇಕ್ ಕತ್ತರಿಸಿ, ಟೋಪಿ ತೊಡಿಸಿ, ಫೋಟೋಗ್ರಾಫರ್ ಕರೆಸಿದ ಮಹಾನುಭಾವರು ಇವರೇ. ಖಾಸಗಿ ಕ್ಲಿನಿಕ್‌ಗೆ ಹೋದರೆ ಕೆಲವು ನೂರು ರೂಪಾಯಿ. ಸುಮ್ನೆ ಯಾಕೆ ದಂಡ? ವೈರಸ್ಸೂ ಸೆಪ್ಟೆಂಬರ್‌ವರೆಗೆ ಕಾಯುತ್ತದೆ, ಪಾಪ.

ಹಳ್ಳಿಯಲ್ಲಿ ಲೆಕ್ಕ ಇನ್ನೂ ಸಲೀಸು. ತೋಟಕ್ಕೆ ಹಂದಿ ನುಗ್ಗಿದರೆ "ನಮ್ಮ ಕರಿಯ ಓಡಿಸ್ದ". ಲಸಿಕೆಯವರು ಬಂದು ಯಾರ ನಾಯಿ ಅಂದರೆ "ಅದಾ? ಎಲ್ಲಿಂದಲೋ ಬಂದು ಜಗಲೀಲಿ ಮಲಗುತ್ತೆ ಸಾರ್". ಕರಿಯ ಯಾರಿಗಾದರೂ ಬಾಯಿ ಹಾಕಿದನೋ, ಅಂಥ ನಾಯಿಯನ್ನು ಊರಲ್ಲೇ ಯಾರೂ ಕಂಡವರಿಲ್ಲ.

ನಮ್ಮವರನ್ನೇ ಬೈದು ಏನು ಪ್ರಯೋಜನ? ಆಫ್ರಿಕಾದ ಚಾಡ್ ದೇಶದ ರಾಜಧಾನಿ ಎನ್‌ಜಮೇನಾದಲ್ಲಿ ಲಸಿಕೆ ಪುಕ್ಕಟೆ ಇಟ್ಟಾಗ ಹೆಚ್ಚಿನ ನಾಯಿಗಳು ಬಂದವು. ಮಾಲೀಕರು ದುಡ್ಡು ಕೊಡಬೇಕು ಅಂದಾಗ ಕಾಲು ಭಾಗವೂ ಬರಲಿಲ್ಲ. ರೋಗದ ಸರಪಳಿ ಕಡಿಯಬೇಕಾದರೆ ಶೇಕಡಾ 70ರಷ್ಟು ನಾಯಿಗಳಿಗಾದರೂ ಲಸಿಕೆ ಬೀಳಬೇಕು. ಎನ್‌ಜಮೇನಾದಲ್ಲಿ ದಿನದ ಕೂಲಿ ಬಿಟ್ಟು ನಾಯಿ ಎಳೆದುಕೊಂಡು ಬರಬೇಕಾದವನ ಹತ್ತಿರ ಇದ್ದದ್ದೇ ಆ ಕೂಲಿ. ಹಸ್ಕಿ ಪಪ್ಪನಿಗೆ ಆ ನೆಪವೂ ಇಲ್ಲ.

2025ರ ಜುಲೈನಲ್ಲಿ ಬೆಂಗಳೂರಿನ ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕುವ ಬಿಬಿಎಂಪಿ ಯೋಜನೆ ನೆನಪಿದೆಯಲ್ಲ? ಮೆನು ಮೇಲೆ ನಡೆದಷ್ಟು ಚರ್ಚೆ ಸೂಜಿ ಮೇಲೆ ನಡೆಯಲೇ ಇಲ್ಲ. ಊಟದ ವಿಷಯ ಬಂದರೆ ನಮಗೆ ಇಡೀ ಜಗತ್ತೇ ಮರೆತುಹೋಗುತ್ತೆ. ಬಿರಿಯಾನಿಯೋ, ಬರೀ ಚಿಕನ್ ರೈಸೋ ಅನ್ನೋದರಲ್ಲೇ ಟಿವಿಯವರ ಒಂದು ವಾರ ಕಳೆಯಿತು. ರಾಯ್ತಾ ಬಗ್ಗೆ ಯಾಕೋ ಯಾರೂ ಕೇಳಲಿಲ್ಲ.

ನಾಯಿ ಕಚ್ಚಿದವರಿಗೆ ಹಾಕುವ ಸೂಜಿ ಅಂದರೆ ನಮಗೆ ಇವತ್ತಿಗೂ ಹೊಕ್ಕುಳ ಸುತ್ತ 14 ಇಂಜೆಕ್ಷನ್ನೇ ನೆನಪು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಔಷಧಿ ನಿಂತು ಇಪ್ಪತ್ತು ವರ್ಷವಾಯಿತು. ಈಗ ತೋಳಿಗೆ ನಾಲ್ಕೈದು ಅಷ್ಟೇ. ಚರ್ಮ ಸೀಳಿ ರಕ್ತ ಬಂದಿದ್ದರೆ ಜೊತೆಗೆ ಗಾಯದ ಸುತ್ತಲೂ ಇನ್ನೊಂದು ಔಷಧಿ, ಅದು ದುಬಾರಿ. ಭಯ ಮಾತ್ರ ಹಳೇದೇ. ಅದಕ್ಕೇ ಇನ್ನೂ ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಮೆತ್ತುವವರಿದ್ದಾರೆ. ಸೋಪು ಹಾಕಿ ಕಾಲು ಗಂಟೆ ನೀರಲ್ಲಿ ತೊಳೆಯೋದು ಮಾತ್ರ ಯಾರಿಗೂ ಹೊಳೆಯಲ್ಲ.

ನಗು ಸಾಕು. ಲೋಕದಲ್ಲಿ ರೇಬೀಸ್‌ನಿಂದ ಸಾಯುವವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಭಾರತದವರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಮಕ್ಕಳೂ ಬಹಳ ಮಂದಿ. ಒಮ್ಮೆ ಲಕ್ಷಣ ಶುರುವಾದರೆ ಔಷಧಿ ಇಲ್ಲ. ಮಗು ನೀರು ಕೇಳುತ್ತೆ, ಲೋಟ ತುಟಿಗೆ ಬಂದರೆ ಗಂಟಲು ಸೆಟೆದುಕೊಳ್ಳುತ್ತೆ. ತಾಯಿ ಲೋಟ ಹಿಡಿದು ನಿಂತಿರುತ್ತಾಳೆ. ನಾಯಿಗೆ ಹಾಕದ ಒಂದು ಸೂಜಿಯ ಬಿಲ್ ಅದು.

2030ರೊಳಗೆ ಈ ಸಾವು ನಿಲ್ಲಿಸುತ್ತೇವೆ ಅಂತ ಕೇಂದ್ರ 2021ರಲ್ಲೇ ಯೋಜನೆ ಹೊರಡಿಸಿದೆ. ಹಾಗಿದ್ದರೆ ಫ್ಲೆಕ್ಸ್ ಕಟ್ಟಿ ಕೂರೋದು ಬಿಡಿ. ಕರಿಯ ಮಲಗುವ ಜಗಲಿಗೇ ಹೋಗಿ, ವರ್ಷವಿಡೀ ಪುಕ್ಕಟೆ ಹಾಕಿ, ಯಾರ ನಾಯಿ ಅಂತ ಕೇಳಲೇಬೇಡಿ. ಉಳ್ಳವರ ಹತ್ತಿರ ಕೇಕಿನ ಬಿಲ್ ತರಿಸಿ, ಅದರ ಮೇಲೆ ವಸೂಲಿ ಮಾಡಿ.