ಮಾರಿದ್ದನ್ನೂ ಹೇಳಿ

ಷೇರು ಚರ್ಚೆಯ ಗುಂಪೊಂದರಲ್ಲಿ ಇಂದು ಸದಸ್ಯರೊಬ್ಬರು ಬಹಳ ವಿನಯದಿಂದ ಒಂದು ಪ್ರಶ್ನೆ ಕೇಳಿದರು: "ಸರ್, ಈ ಷೇರು ಸತತವಾಗಿ ಲೋವರ್ ಸರ್ಕ್ಯೂಟ್‌ನಲ್ಲಿದೆ, ಮಾರಲು ಹೋದರೆ ಕೊಳ್ಳುವವರೇ ಇಲ್ಲ. ನೀವು ಇನ್ನೂ ಹೋಲ್ಡ್ ಮಾಡಿದ್ದೀರಾ?" ಲೋವರ್ ಸರ್ಕ್ಯೂಟ್ ಎಂದರೆ ಒಂದು ದಿನದಲ್ಲಿ ಷೇರಿನ ಬೆಲೆ ಇಳಿಯಬಹುದಾದ ಕೊನೆಯ ಮಿತಿ; ಹೋಲ್ಡ್ ಎಂದರೆ ಮಾರದೆ ಇಟ್ಟುಕೊಳ್ಳುವುದು. ಕೇಳಿದ್ದು ಆ ಗುಂಪಿನ ಅಡ್ಮಿನ್ ಅವರನ್ನು. ಆ ಷೇರನ್ನು ಶಿಫಾರಸು ಮಾಡಿ, ಇಷ್ಟು ಬೆಲೆ ಮುಟ್ಟುತ್ತದೆ ಎಂದು ಟಾರ್ಗೆಟ್ ಬರೆದು, ಬೆಲೆ ಏರಿದ ದಿನವೆಲ್ಲ ರಾಕೆಟ್ ಚಿತ್ರ ಹಾಕುತ್ತಿದ್ದವರು ಅವರೇ. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಪ್ರಶ್ನೆ ಅಳಿಸಿಹೋಯಿತು, ಕೇಳಿದವರನ್ನೂ ಗುಂಪಿನಿಂದ ತೆಗೆದುಹಾಕಲಾಯಿತು. "ನೆಗೆಟಿವಿಟಿ ಹರಡುವವರಿಗೆ ಇಲ್ಲಿ ಜಾಗವಿಲ್ಲ" ಎಂಬ ಸಂದೇಶ ಬಂತು. ಅದರ ಕೆಳಗೆ ಸಾಲುಸಾಲು ಚಪ್ಪಾಳೆ. ಅದನ್ನು ನೋಡಿದಾಗಿನಿಂದ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ.

ನಾನು ಮಾರುಕಟ್ಟೆಯ ವಿರೋಧಿಯಲ್ಲ ಎಂಬುದು ಇಲ್ಲಿರುವ ಸ್ನೇಹಿತರಿಗೆ ಗೊತ್ತೇ ಇದೆ. ಲಾಭದ ಅಂಕಿಯನ್ನು ನಂಬುವ ಮೊದಲು ನಗದು ಹರಿವಿನ ಪಟ್ಟಿ, ಅಂದರೆ ಕಂಪನಿಗೆ ನಿಜವಾಗಿ ಬಂದುಹೋದ ಹಣದ ಲೆಕ್ಕ, ನೋಡಬೇಕು, ಕಂಪನಿಯ ಪ್ರವರ್ತಕರು ತಮ್ಮ ಎಷ್ಟು ಷೇರನ್ನು ಸಾಲಕ್ಕೆ ಅಡವಿಟ್ಟಿದ್ದಾರೆ ಎಂಬುದನ್ನು ಗಮನಿಸಬೇಕು ಎಂದು ನನಗೆ ಕಲಿಸಿದವರು ಇಂಥ ಗುಂಪುಗಳಲ್ಲೇ ಸಿಕ್ಕ ಅಪರಿಚಿತರು. ಒಂದು ಪೈಸೆಯನ್ನೂ ಕೇಳದೆ, ರಾತ್ರಿ ಕುಳಿತು ವಾರ್ಷಿಕ ವರದಿಯ ಪುಟಗಳನ್ನು ಗುರುತು ಹಾಕಿ ಕಳಿಸಿದವರು. ಅವರ ಋಣ ನನ್ನ ಮೇಲಿದೆ. ಆ ಕಾರಣಕ್ಕೇ ಇಂದಿನ ಘಟನೆ ಇಷ್ಟು ನೋಯಿಸಿತು.

ಷೇರನ್ನು ಹೊಗಳುವುದು ತಪ್ಪಲ್ಲ, ಹೊಗಳಿದ್ದು ಸುಳ್ಳಾಗುವುದೂ ತಪ್ಪಲ್ಲ. ಆದರೆ ಕಡಿಮೆ ವಹಿವಾಟಿನ ಸಣ್ಣ ಕಂಪನಿಯ ಷೇರನ್ನು ಮೊದಲೇ ಕೊಂಡು ಕೂತವರಿಗೆ ಅದನ್ನು ಮಾರಿ ಹೊರಬರಲು ಕೊಳ್ಳುವವರು ಬೇಕಲ್ಲ. ಆ ಕೊಳ್ಳುವವರನ್ನು ಒದಗಿಸುವುದೇ ಗುಂಪಿನ ಕೆಲಸವಾಗಿಬಿಟ್ಟರೆ, "ಹಿಡಿದುಕೊಳ್ಳಿ, ಆವರೇಜ್ ಮಾಡಿ" (ಬೆಲೆ ಇಳಿದಾಗ ಇನ್ನಷ್ಟು ಕೊಂಡು ಸರಾಸರಿ ಬೆಲೆ ತಗ್ಗಿಸಿಕೊಳ್ಳಿ) ಎಂದು ಬೆಳಿಗ್ಗೆ ಬರೆದ ಕೈಯೇ ಮಧ್ಯಾಹ್ನ ಮಾರುವ ಗುಂಡಿ ಒತ್ತಿದರೆ, ಆ ಮನುಷ್ಯ ತನ್ನ ಮಾತು ನಂಬಿದವರ ವಿರುದ್ಧವೇ ವ್ಯಾಪಾರ ಮಾಡಿದಂತೆ. ಹಾಗಾಗಿ "ನೀವು ಇನ್ನೂ ಹೋಲ್ಡ್ ಮಾಡಿದ್ದೀರಾ" ಎಂಬುದು ಅಧಿಕಪ್ರಸಂಗವಲ್ಲ. ಆ ಗುಂಪಿನಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ ಅದು.

ಇದು ಹೊಸ ರೋಗವೂ ಅಲ್ಲ. 1999 ಮತ್ತು 2000ರ ನಡುವೆ ಅಮೆರಿಕದಲ್ಲಿ ಶಾಲೆಗೆ ಹೋಗುವ ಹುಡುಗನೊಬ್ಬ ಅಗ್ಗದ ಷೇರುಗಳನ್ನು ಕೊಂಡು, ಬೇರೆಬೇರೆ ಹೆಸರುಗಳಲ್ಲಿ ಇಂಟರ್‌ನೆಟ್‌ನಲ್ಲಿ ಅವುಗಳನ್ನು ಹೊಗಳಿ ನೂರಾರು ಸಂದೇಶ ಹಾಕಿ, ಬೆಲೆ ಏರಿದೊಡನೆ ಮಾರಿದ್ದಾನೆಂದು ಅಲ್ಲಿನ ನಿಯಂತ್ರಕ ಸಂಸ್ಥೆ ಎಸ್‌ಇಸಿ ಆರೋಪಿಸಿತು. ಆತ ಆರೋಪ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಬಡ್ಡಿಯೂ ಸೇರಿ 2,85,000 ಡಾಲರ್ ಹಿಂದಿರುಗಿಸಲು ಒಪ್ಪಿಕೊಂಡ. ಆಗ ಅವನಿಗೆ 15 ವರ್ಷ. ಇಂದು ಅದೇ ಕೆಲಸ ಮಾಡುವವರನ್ನು ನಾವು "ಗುರುಗಳೇ" ಎಂದು ಕರೆಯುತ್ತಿದ್ದೇವೆ.

ಅಮೆರಿಕದ ವಿಡಿಯೋ ಗೇಮ್ ಅಂಗಡಿಗಳ ಕಂಪನಿ ಗೇಮ್‌ಸ್ಟಾಪ್‌ನ ಷೇರನ್ನು ಇಂಟರ್‌ನೆಟ್ ಗುಂಪುಗಳ ಜನ ಮುಗಿಬಿದ್ದು ಕೊಂಡು ಏರಿಸಿದ 2021ರ ಪ್ರಕರಣವನ್ನು ಎಲ್ಲರೂ ಉದಾಹರಿಸುತ್ತಾರೆ. ಅದರಲ್ಲಿ ನನಗೆ ಮುಖ್ಯವೆನಿಸುವುದು ಬೇರೆಯೇ ಒಂದು ಅಂಶ. ಆ ಷೇರಿನ ಬಗ್ಗೆ ಮೊದಲಿನಿಂದ ಬರೆಯುತ್ತಿದ್ದ ಕೀತ್ ಗಿಲ್ ತಮ್ಮ ಖಾತೆಯ ಚಿತ್ರವನ್ನೇ ಮತ್ತೆ ಮತ್ತೆ ಪ್ರಕಟಿಸುತ್ತಿದ್ದರು. ಅವರ ಲೆಕ್ಕಾಚಾರವನ್ನು ಒಪ್ಪಬಹುದು, ಬಿಡಬಹುದು. ಅವರ ಬಳಿ ಏನಿದೆ ಎಂಬುದನ್ನು ಓದುಗರು ನೋಡಬಹುದಿತ್ತು. ಆದರೆ ಅವರ ಸುತ್ತ "ಮಾರಬೇಡಿ, ಹಿಡಿದುಕೊಳ್ಳಿ" ಎಂದು ಕೂಗುತ್ತಿದ್ದ ಅಸಂಖ್ಯ ಜನ ತಮ್ಮ ಪಾಲನ್ನು ಯಾವಾಗ ಮಾರಿದರೆಂದು ಯಾರಿಗೆ ಗೊತ್ತು? ಜನವರಿ 28ರಂದು 483 ಡಾಲರ್ ಮುಟ್ಟಿದ ಷೇರು ಫೆಬ್ರವರಿ ಮುಗಿಯುವ ಮೊದಲೇ 40ರ ಆಸುಪಾಸಿಗೆ ಬಂದಿತ್ತು. ಆ ಕೂಗನ್ನು ನಂಬಿ ತುದಿಯಲ್ಲಿ ಕೊಂಡವರ ಗತಿ ಏನಾಗಿರಬಹುದೆಂದು ಯೋಚಿಸಿದರೆ ಸಂಕಟವಾಗುತ್ತದೆ.

ಲಾಭದ ಸ್ಕ್ರೀನ್‌ಶಾಟ್‌ಗಳ ವಿಷಯಕ್ಕೂ ನನ್ನ ತಕರಾರು ಇದೇ. ಬೆಲೆ ಏರಿದರೆ ಲಾಭ ಕೊಡುವ ಕಾಲ್ ಆಪ್ಷನ್ ಒಂದು, ಇಳಿದರೆ ಲಾಭ ಕೊಡುವ ಪುಟ್ ಆಪ್ಷನ್ ಒಂದು ಕೊಂಡು, ಗೆದ್ದದ್ದರ ಚಿತ್ರವನ್ನಷ್ಟೇ ಹಾಕಿದರೆ ನೋಡುವವರಿಗೆ ಸೋತದ್ದು ಕಾಣುವುದೇ ಇಲ್ಲ. ಒಂದು ಚಾನೆಲ್‌ನಲ್ಲಿ "ಏರುತ್ತದೆ" ಎಂದು, ಇನ್ನೊಂದರಲ್ಲಿ "ಇಳಿಯುತ್ತದೆ" ಎಂದು ಬರೆದು, ಸರಿಯಾದ ಕಡೆಯ ಜನರಿಗೆ ಮಾತ್ರ ಪ್ರೀಮಿಯಂ ಸದಸ್ಯತ್ವ ಮಾರುವ ವಿದ್ಯೆಯೂ ಇದೆ. ನಮ್ಮ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದಿನ ಬೆಲೆಯ ಏರಿಳಿತದ ಮೇಲಿನ ಒಪ್ಪಂದಗಳು) ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ಹಾಗಿರುವಾಗ ನಷ್ಟದ ಒಂದೇ ಒಂದು ಚಿತ್ರವೂ ಕಾಣಿಸದ ಗುಂಪಿನಲ್ಲಿ ಸತ್ಯ ಎಷ್ಟು ಉಳಿದಿರಲು ಸಾಧ್ಯ?

"ಎಲ್ಲರೂ ವಯಸ್ಸಿಗೆ ಬಂದವರು, ಅವರವರ ದುಡ್ಡಿಗೆ ಅವರವರೇ ಜವಾಬ್ದಾರರು, 'ಶಿಕ್ಷಣದ ಉದ್ದೇಶಕ್ಕೆ ಮಾತ್ರ' ಎಂದು ಕೆಳಗೆ ಬರೆದಿರುವುದಿಲ್ಲವೇ?" ಎಂದು ಕೆಲವು ಸ್ನೇಹಿತರು ವಾದಿಸುತ್ತಾರೆ. ನಿರ್ಧಾರದ ಹೊಣೆ ಕೊಳ್ಳುವವರದೇ, ಒಪ್ಪಿದೆ. ಆದರೆ ಆ ನಿರ್ಧಾರಕ್ಕೆ ಅತ್ಯಗತ್ಯವಾದ ಒಂದು ಸಂಗತಿಯನ್ನು, ಅಂದರೆ ಹೇಳುವವರ ಹಣ ಎಲ್ಲಿದೆ ಎಂಬುದನ್ನು, ಬೇಕೆಂದೇ ಮುಚ್ಚಿಟ್ಟು ಆಮೇಲೆ ಹೊಣೆಯ ಪಾಠ ಹೇಳುವುದು ಯಾವ ನ್ಯಾಯ? ಹಣ ಪಡೆದು ಷೇರನ್ನು ಪ್ರಚಾರ ಮಾಡುವವರು ಆ ಸಂಗತಿಯನ್ನೂ ಮೊತ್ತವನ್ನೂ ತಿಳಿಸಲೇಬೇಕು ಎಂದು ಅಮೆರಿಕದ ಕಾನೂನು 1933ರಲ್ಲೇ ಹೇಳಿತು. ಕೆಳಗೆ ಸಣ್ಣಕ್ಷರದ ಒಂದು ಸಾಲು ಸೇರಿಸಿದ ಮಾತ್ರಕ್ಕೆ ಮೇಲಿನ ಮೋಸ ಶಿಕ್ಷಣವಾಗುವುದಿಲ್ಲ.

ಇನ್ನೊಂದು ಮಾತು ನನ್ನನ್ನು ಬಹಳ ಕೆರಳಿಸುತ್ತದೆ. ಕಳೆದುಕೊಂಡವರು ಬಾಯಿ ಬಿಟ್ಟ ಕೂಡಲೇ "ಸ್ಟಾಪ್‌ಲಾಸ್ ಹಾಕಿರಲಿಲ್ಲವೇ?" ಎಂದು ಮುಗಿಬೀಳುವವರ ಮಾತು ಅದು. ಸ್ಟಾಪ್‌ಲಾಸ್ ಎಂದರೆ ಬೆಲೆ ಇಂತಿಷ್ಟಕ್ಕೆ ಇಳಿದರೆ ಮಾರಿಬಿಡಿ ಎಂದು ಮೊದಲೇ ಕೊಟ್ಟಿಡುವ ಆರ್ಡರ್. ಲೋವರ್ ಸರ್ಕ್ಯೂಟ್‌ಗೆ ಬಿದ್ದ ಷೇರಿನಲ್ಲಿ ಸ್ಟಾಪ್‌ಲಾಸ್ ಇದ್ದರೂ ಆರ್ಡರ್ ಸರದಿಯಲ್ಲಿ ಸುಮ್ಮನೆ ನಿಂತಿರುತ್ತದೆ, ಏಕೆಂದರೆ ಎದುರು ಕೊಳ್ಳುವವರಿಲ್ಲ. ಇಷ್ಟು ತಿಳಿಯದವರು ನೊಂದವರಿಗೆ ಶಿಸ್ತಿನ ಉಪದೇಶ ಮಾಡುತ್ತಾರೆ. ಮನೆಯಲ್ಲಿ ಹೇಳಿಕೊಳ್ಳಲಾಗದೆ, ಅರ್ಥ ಮಾಡಿಕೊಳ್ಳುವವರು ಇಲ್ಲಿಯಾದರೂ ಇದ್ದಾರೆಂದು ಬಂದವರನ್ನು ಹೀಗೆ ಅವಮಾನಿಸಿ ಕಳಿಸುವುದು ಕ್ರೌರ್ಯ. ಬೇರೆ ಪದ ನನಗೆ ಸಿಗುತ್ತಿಲ್ಲ.

ನಾನಿರುವ ಇನ್ನೊಂದು ಚಿಕ್ಕ ಗುಂಪಿನಲ್ಲಿ ಒಂದು ನಿಯಮವಿದೆ: ಷೇರಿನ ಬಗ್ಗೆ ಬರೆಯುವವರು ಅದು ತಮ್ಮ ಬಳಿ ಇದೆಯೋ ಇಲ್ಲವೋ ಎಂದು ಮೊದಲ ಸಾಲಿನಲ್ಲೇ ಹೇಳಬೇಕು, ಮಾರಿದರೆ ಅದೇ ದಿನ ತಿಳಿಸಬೇಕು, ಹಳೆಯ ಸಂದೇಶವನ್ನು ಅಳಿಸುವಂತಿಲ್ಲ. ನಿಯಮ ಬಂದಾಗ ಹಲವರು ಬಿಟ್ಟುಹೋದರು. ಉಳಿದವರು "ಇಂಥ ಕಾರಣಕ್ಕೆ ಮಾರಿದೆ" ಎಂದು ಬರೆಯತೊಡಗಿದರು, ಮತ್ತು ಆ ಕಾರಣಗಳಿಂದ ನಾನು ಕಲಿತಷ್ಟು ಯಾವ ಟಾರ್ಗೆಟ್‌ನಿಂದಲೂ ಕಲಿತಿಲ್ಲ. ಗುಂಪು ನಡೆಸುವ ಸ್ನೇಹಿತರು ನನ್ನ ಪಟ್ಟಿಯಲ್ಲೂ ಕೆಲವರಿದ್ದೀರಿ. ಈ ವಾರವೇ ನಿಮ್ಮಲ್ಲೂ ಈ ನಿಯಮ ತನ್ನಿ ಎಂದು ಕೈಮುಗಿದು ಕೇಳುತ್ತೇನೆ. ಒಪ್ಪದ ಗುಂಪುಗಳಲ್ಲಿ ನಾನಿರುವುದಿಲ್ಲ.